ತಪ್ಪು ನಿನ್ನದಲ್ಲ, ಹೆಲ್ವಿ

ಮಿನ್ನಾ ಲೆಕ್ಕದ ಶೀಟಿನಲ್ಲಿ "ಬೆಳಗ್ಗೆ" ಎಂದು ಬರೆದಿದ್ದ ಹಳದಿ ಚೌಕವನ್ನು ಮತ್ತೊಮ್ಮೆ ಒತ್ತಿದಳು. ಲ್ಯಾಪ್‌ಟಾಪಿನ ಪರದೆಯ ನಡುವೆ ಮತ್ತೆ ಅದೇ ಪುಟ್ಟ ಬಿಳಿ ಕಿಟಕಿ ಎದ್ದು ನಿಂತಿತು.

"ಸಿಗಲಿಲ್ಲ. ತಪ್ಪು ನಿನ್ನದಲ್ಲ, ಹೆಲ್ವಿ. ನನ್ನದು. 'ಸರಿ' ಒತ್ತಿ ಕಾಫಿ ಕುಡಿ. ನಾನು ಈಗ ಬರ್ತೀನಿ. ತೌನೋ."

ಕೆಳಗೆ ಒಂದೇ ಒಂದು ಗುಂಡಿ: ಸರಿ.

ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ ಹೆಲ್ವಿ ಕೂತಿದ್ದಳು. ಕಪ್ಪು ಕೋಟಿನ ಒಂದು ತೋಳಿನೊಳಗೆ ಕೈ ಹೋಗಿತ್ತು, ಇನ್ನೊಂದು ತೋಳು ಬೆನ್ನ ಹಿಂದೆ ನೇತಾಡುತ್ತಿತ್ತು. ಆಕೆ ಮುಂದೆ ಬಾಗಿ ಮೌಸಿನ ಮೇಲೆ ಅಂಗೈ ಇಟ್ಟು, ತೋರುಬೆರಳಿನಿಂದ ಒಮ್ಮೆ ಒತ್ತಿದಳು. ಕಿಟಕಿ ಮಾಯವಾಯಿತು.

"ನೋಡು, ಇನ್ನೇನು ಬರ್ತಾನೆ," ಎಂದು ಬಾಗಿಲ ಕಡೆ ತಿರುಗಿ ಕೂತಳು. "ಬಂದ ಮೇಲೆ ಹೊರಡೋಣ."

ಬರಬೇಕಾದ ತೌನೋ ಬೆಳಗ್ಗೆಯಿಂದ ಇಗರ್ಜಿಯಲ್ಲಿ ಬಿಳಿ ಪೆಟ್ಟಿಗೆಯೊಳಗೆ ಮಲಗಿದ್ದ.

ಬಾಗಿಲಲ್ಲಿ ಬಂದು ನಿಂತವಳು ತೌನೋನ ತಂಗಿ ಲೆಂಪಿ. ಕೈಯಲ್ಲಿ ಹೂಗುಚ್ಛ, ತಲೆಯ ಮೇಲೆ ಕಪ್ಪು ಟೋಪಿ, ಬೂಟಿನ ತುಂಬ ಮಾರ್ಚ್ ತಿಂಗಳ ಕೆಸರುಹಿಮ.

"ಇನ್ನೂ ಎಷ್ಟೊತ್ತೇ? ಟ್ಯಾಕ್ಸಿಯವನು ಕೆಳಗೆ ಗೊಣಗ್ತಿದ್ದಾನೆ. ನಿಮ್ಮಪ್ಪ ಬೇಕಾದ್ರೆ ಕಾಯ್ತಾನೆ, ಪಾದ್ರಿ ಕಾಯಲ್ಲ."

"ಅಮ್ಮ ಕೋಟು ಹಾಕ್ಕೊಳ್ತಿಲ್ಲ ಅತ್ತೆ."

"ಅರ್ಧ ಹಾಕ್ಕೊಂಡಿದ್ದಾಳಲ್ಲ. ಅರ್ಧ ಅತ್ತಿಗೆಯನ್ನೇ ಕರ್ಕೊಂಡು ಹೋಗೋಣ ನಡಿ." ಲೆಂಪಿಯ ನಾಲಿಗೆ ಯಾವತ್ತೂ ಹೀಗೆಯೇ. ಆದರೆ ಕಣ್ಣು ಊದಿಕೊಂಡಿತ್ತು. ನಮ್ಮೂರಿನವರು ಅಳುವುದಿದ್ದರೆ ಮನೆಯಲ್ಲೇ ಅತ್ತು ಮುಗಿಸಿ, ಮುಖ ತೊಳೆದುಕೊಂಡೇ ಹೊರಡುವವರು.

ತೌನೋ ಸತ್ತು ಮೂರು ವಾರವಾಗಿತ್ತು, ನಮ್ಮ ಕಡೆ ಹೂಳುವುದು ಅಷ್ಟು ತಡವಾಗಿಯೇ. ಹಬೆಸ್ನಾನದ ಸೌನಾದ ಒಲೆಗೆ ಸೌದೆ ತುಂಬುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ್ದ. ಮೊದಲ ದಿನ ಈ ವೃದ್ಧಾಶ್ರಮಕ್ಕೆ ಬಂದು ಮಿನ್ನಾ ತಾಯಿಗೆ ವಿಷಯ ತಿಳಿಸಿದಳು. ಹೆಲ್ವಿ ಎದೆ ಬಿರಿಯುವಂತೆ ಅತ್ತಳು. ಸಂಜೆ ಹೊತ್ತಿಗೆ ಮರೆತು, "ತೌನೋ ಯಾಕಿನ್ನೂ ಬಂದಿಲ್ಲ?" ಎಂದಳು. ಮತ್ತೆ ಹೇಳಿದರು, ಮತ್ತೆ ಮೊದಲಿನಿಂದ ಅತ್ತಳು. ಆಮೇಲೆ ದಾದಿಯರು ಹೇಳುವುದನ್ನೇ ಬಿಟ್ಟರು. "ಸೌದೆ ಕಡಿಯೋಕೆ ಹೋಗಿದ್ದಾರೆ, ಬರ್ತಾರೆ," ಎನ್ನತೊಡಗಿದರು. ಮಿನ್ನಾಗೆ ನಿಜ ಹೇಳಲೂ ಬಾಯಿ ಬರಲಿಲ್ಲ, ಸುಳ್ಳು ಹೇಳಲೂ ಮನಸ್ಸು ಬರಲಿಲ್ಲ. ಸುಮ್ಮನೆ ತಾಯಿಯ ಕೂದಲು ಬಾಚುತ್ತಾ ಕೂತಿರುತ್ತಿದ್ದಳು.

ಇವತ್ತಾದರೂ ಅಮ್ಮ ಇಗರ್ಜಿಗೆ ಬರಬೇಕು ಎಂಬುದೊಂದೇ ಅವಳ ಆಸೆ. ಐವತ್ತು ವರ್ಷ ಜೊತೆಗಿದ್ದ ಗಂಡನನ್ನು ಹೆಂಡತಿಯಿಲ್ಲದೆ ಮಣ್ಣು ಮಾಡುವುದು ಅವಳಿಗೆ ಒಪ್ಪದ ಮಾತಾಗಿತ್ತು. ಅಪ್ಪ ದಿನಾ ಆ ಚೌಕ ಒತ್ತಿದರೆ ಅಮ್ಮ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳೆಂದು ದಾದಿ ಹೇಳಿದ್ದಳು. ಅದಕ್ಕೇ ನಿನ್ನೆ ಅಪ್ಪನ ಎಕ್ಸೆಲ್ ಶೀಟನ್ನು ಪೆನ್‌ಡ್ರೈವಿನಲ್ಲಿ ತಂದು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದಳು. ಅಪ್ಪನ ಹಳೆಯ ಯಂತ್ರದ ಕೀಲು ಮುರಿದು ಟೇಪು ಸುತ್ತಿತ್ತು, ಅದನ್ನು ಹೊತ್ತು ತರುವುದೇಕೆ ಎಂದುಕೊಂಡಿದ್ದಳು. ಆದರೆ ಇಲ್ಲಿ ಯಾವ ಚೌಕ ಒತ್ತಿದರೂ "ಸಿಗಲಿಲ್ಲ" ಎಂಬ ಕಿಟಕಿಯೇ.

ಮಿನ್ನಾ ಕಾರಿಡಾರಿಗೆ ಹೋಗಿ ಕೌಕೊಗೆ ಫೋನು ಮಾಡಿದಳು. ಅಪ್ಪನ ಪಕ್ಕದ ಮನೆಯವನು, ಅಪ್ಪನಿಗೆ ಇದೆಲ್ಲ ಕಲಿಸಿದವನು ಅವನೇ.

"ಫೋಲ್ಡರ್ ತಂದ್ಯೇನಮ್ಮ?" ಎಂದ ಕೌಕೊ.

"ಯಾವ ಫೋಲ್ಡರ್?"

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. "ಶೀಟಿನೊಳಗೆ ಏನೂ ಇಲ್ಲ ಮಿನ್ನಾ. ಬರೀ ದಾರಿ ಇದೆ. ಸಾಮಾನೆಲ್ಲ ಹೊರಗಡೆ, ನಿಮ್ಮಪ್ಪನ ಲ್ಯಾಪ್‌ಟಾಪಲ್ಲೇ ಇದೆ. ನನ್ಹತ್ರ ಬೀಗದಕೈ ಇದೆ, ಎತ್ಕೊಂಡು ಬರ್ತೀನಿ. ಅಲ್ಲೇ ಇರು."

*

ತೌನೋ ನಮ್ಮೂರು ಲೊಯಿಮಾದಲ್ಲಿ ಮನೆಮನೆಯ ಹೊಗೆಗೂಡು ಗುಡಿಸುವವನಾಗಿದ್ದ. ಹೆಲ್ವಿ ಸಹಕಾರಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಗಂಡ ಮನೆಗೆ ಬಂದರೆ ಮೈಯೆಲ್ಲ ಮಸಿ, ಹೆಂಡತಿಯ ಬೆರಳಿಗೆ ಶಾಯಿಯ ಕಲೆ ಕೂಡ ಆಗುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಒಂದು ಪೆನ್ನಿ ಕಾಸಿನ ವ್ಯತ್ಯಾಸ ಬಂದರೂ ರಾತ್ರಿಯ ಊಟ ಸೇರುತ್ತಿರಲಿಲ್ಲ.

ಮರೆವು ಅವಳನ್ನು ಹಿಡಿದಾಗ ಮೊದಲು ಹೋದದ್ದು ಮುಖಗಳು. ತೌನೋ ಹಳೆಯ ಆಲ್ಬಮ್ ತೆರೆದಿಟ್ಟರೆ ಮರ್ಯಾದೆಯಿಂದ ಮುಚ್ಚಿಬಿಡುತ್ತಿದ್ದಳು. "ಯಾರ ಮನೆಯವರೋ ಏನೋ, ನಾವು ನೋಡ್ಬಾರ್ದು," ಎನ್ನುತ್ತಿದ್ದಳು. ಮಗಳು ಕೊಡಿಸಿದ ಟ್ಯಾಬ್ಲೆಟ್ಟನ್ನು ಬಿಸಿ ತಟ್ಟೆಯಂತೆ ದೂರ ತಳ್ಳಿದಳು. ಹಾಡು ಹಾಕಿದರೆ, ಪೆಟ್ಟಿಗೆಯಲ್ಲಿ ಯಾರು ಕೂತಿದ್ದಾರೆ ಎಂದು ಹೆದರುತ್ತಿದ್ದಳು.

ಒಂದು ದಿನ ತೌನೋ ಅಡುಗೆಮನೆಯ ಮೇಜಿನ ಮೇಲೆ ಸೌದೆಯ ಲೆಕ್ಕದ ಶೀಟು ತೆರೆದುಕೊಂಡು ಒದ್ದಾಡುತ್ತಿದ್ದ. ಹೆಲ್ವಿ ಹಿಂದಿನಿಂದ ಬಂದು, ಅವನ ಕೈಯಿಂದ ಮೌಸು ಕಿತ್ತುಕೊಂಡು, ಒಂದು ಚೌಕದ ಮೇಲೆ ಒತ್ತಿ ಮೊತ್ತ ತಿದ್ದಿದಳು. ಅವಳ ಬೆನ್ನು ನೆಟ್ಟಗಾಯಿತು. ಅಂಗಡಿಯ ಮೇಜಿನ ಹಿಂದೆ ಕೂರುತ್ತಿದ್ದ ಹೆಲ್ವಿ ಒಂದು ಗಳಿಗೆ ವಾಪಸು ಬಂದಿದ್ದಳು. ತೌನೋ ಉಸಿರು ಬಿಗಿಹಿಡಿದು ನೋಡಿದ. ಆ ವಾರವೇ ಹೋಗಿ ಊರಿನ ವಯಸ್ಕರ ಶಾಲೆಯಲ್ಲಿ ಕಂಪ್ಯೂಟರ್ ತರಗತಿಗೆ ಹೆಸರು ಬರೆಸಿದ.

ಪಾಠ ಹೇಳುತ್ತಿದ್ದವನು ಕಾಗದದ ಕಾರ್ಖಾನೆಯ ಆಫೀಸಿನಿಂದ ನಿವೃತ್ತನಾದ ಕೌಕೊ.

"ಫೋಟೋ ನೋಡ್ಬೇಕಂದ್ರೆ ಫೋಟೋ ಮೇಲೇ ಒತ್ತಿದ್ರಾಯ್ತಲ್ಲಯ್ಯ," ಎಂದ ಕೌಕೊ. "ಅದಕ್ಯಾಕೆ ಶೀಟಿನೊಳಗೆ ಮ್ಯಾಕ್ರೋ ಅಂತ ಕೋಡು ಬರೆಯೋದು?"

"ಅವಳು ಫೋಟೋ ಮೇಲೆ ಒತ್ತಲ್ಲ. ಚೌಕ ಇದ್ರೆ ಮಾತ್ರ ಒತ್ತುತ್ತಾಳೆ."

"ಫೋಟೋನ ಶೀಟಿಗೇ ಅಂಟಿಸಿಬಿಡು ಮತ್ತೆ."

"ಅಂಟಿಸಿ ನೋಡ್ದೆ. ಲೆಕ್ಕದ ಪುಸ್ತಕ ಯಾರೋ ಗಲೀಜು ಮಾಡಿದ್ದಾರೆ ಅಂತ ಬೈದ್ಲು. ಚೌಕ ಚೌಕದ ಥರಾನೇ ಇರ್ಬೇಕು. ಒತ್ತಿದ ಮೇಲೆ ಬರ್ಬೇಕು."

ಕೌಕೊ ತಲೆ ಕೆರೆದುಕೊಂಡ. ಚೌಕ ಒತ್ತಿದಾಗ ಶೀಟಿನಿಂದ ಹೊರಗೆ ಹೋಗಿ, ಎಲ್ಲೋ ಇಟ್ಟಿರುವ ಫೈಲನ್ನು ಹುಡುಕಿ, ಅದಕ್ಕೆ ತಕ್ಕ ಪ್ರೋಗ್ರಾಮಿನಲ್ಲಿ ತೆರೆಯುವ ನಾಲ್ಕು ಸಾಲು ಬರೆದು ತೋರಿಸಿದ. ಆ ನಾಲ್ಕು ಸಾಲಿಗೆ ತೌನೋ ಇಡೀ ಚಳಿಗಾಲ ಕೊಟ್ಟ. ಬ್ರಷ್ಷು ಹಿಡಿದ ಬೆರಳುಗಳು, ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು. ಉದ್ಧರಣೆ ಚಿಹ್ನೆ ಮರೆಯುತ್ತಿದ್ದ. ಹೊಗೆಗೂಡಿನಲ್ಲಿ ಗೂಡು ಕಟ್ಟಿದ ಕಾಗೆಗಳಿಗೆ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಪರದೆಗೆ ಬೈದ. ಕಲಿಯುವುದರಲ್ಲಿ ಅವನೇನೂ ಜಾಣನಲ್ಲ. ಹಿಡಿದ ಪಟ್ಟು ಬಿಡುವವನಲ್ಲ, ಅಷ್ಟೆ.

"ಫೈಲ್‌ಗಳನ್ನ ಶೀಟಿನ ಪಕ್ಕದಲ್ಲೇ ಇಡು. ಪಕ್ಕದಲ್ಲಿ ಹುಡುಕು ಅಂತ ಬರಿ," ಎಂದು ಕೌಕೊ ಬಡಕೊಂಡ. ತೌನೋ ಕೇಳಲಿಲ್ಲ. ಡ್ರೈವಿನ ಅಕ್ಷರದಿಂದ ಶುರುಮಾಡಿ, ನಡುವೆ ತನ್ನ ಹೆಸರನ್ನೂ ಸೇರಿಸಿ, ಪ್ರತಿ ಚೌಕಕ್ಕೂ ಉದ್ದನೆಯ ಪೂರ್ತಿ ದಾರಿ ಬರೆದ.

"ಪೂರ್ತಿ ವಿಳಾಸ ಇದ್ರೆ ದಾರಿ ತಪ್ಪಲ್ಲ. ನಾನು ಜೀವನ ಪೂರ್ತಿ ವಿಳಾಸ ನೋಡ್ಕೊಂಡೇ ಮಾಡು ಹತ್ತಿರೋನು."

"ನಾಳೆ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಏನೂ ಸಿಗಲ್ಲ ಕಣಯ್ಯ."

"ಬೇರೆ ಕಂಪ್ಯೂಟರಿಗೆ ಯಾಕೆ ಹಾಕ್ತೀನಿ? ನಾನೆಲ್ಲಿಗೆ ಹೋಗ್ತೀನಿ?"

*

ಆ ಬಿಳಿ ಕಿಟಕಿಯ ಕತೆ ಮಾತ್ರ ಬೇರೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಹೆಲ್ವಿ ಒಂದು ಚೌಕ ಒತ್ತಿದರೆ ಮದುವೆಯ ಚಿತ್ರ, ಇನ್ನೊಂದು ಒತ್ತಿದರೆ ಇಬ್ಬರೂ ಕುಣಿದಿದ್ದ ಟ್ಯಾಂಗೊ ಹಾಡು. ಅವಳು ಹೆದರಲಿಲ್ಲ. ತಾನೇ ಒತ್ತಿ ತೆರೆದದ್ದಲ್ಲವೆ! ಆಮೇಲೊಂದು ದಿನ ತೌನೋ ಫೋಲ್ಡರಿನ ಹೆಸರು ಬದಲಾಯಿಸಿ, ಕೋಡಿನಲ್ಲಿ ತಿದ್ದುವುದನ್ನು ಮರೆತು, ಸೌದೆಮನೆಗೆ ಹೋದ. ವಾಪಸು ಬಂದಾಗ ಹೆಲ್ವಿ ಕೋಟು, ಟೋಪಿ ಹಾಕಿಕೊಂಡು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಚಿಕೊಂಡಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ದೋಷದ ಸಂಖ್ಯೆ, ಕೆಂಪು ಗುರುತು.

"ಎಲ್ಲಿಗೆ ಹೊರಟೆ?"

"ಮ್ಯಾನೇಜರ್ ಹತ್ರ. ಲೆಕ್ಕ ಪೂರ್ತಿ ಕೆಡಿಸಿಬಿಟ್ಟೆ. ನಾನೇ ಹೋಗಿ ಒಪ್ಕೋಬೇಕು."

ಆ ಅಂಗಡಿ ಮುಚ್ಚಿ, ಕಟ್ಟಡ ಕೆಡವಿ, ಅಲ್ಲಿ ಪೆಟ್ರೋಲ್ ಬಂಕು ಬಂದು ಎಷ್ಟೋ ಕಾಲವಾಗಿತ್ತು. ತೌನೋ ಎಷ್ಟು ಸಮಾಧಾನ ಹೇಳಿದರೂ ಅವಳ ಅಳು ನಿಲ್ಲಲಿಲ್ಲ. ಮರುದಿನ ಬೆಳಗ್ಗೆ ಅವನು ಕೌಕೊನ ಬಾಗಿಲು ತಟ್ಟಿದ.

"ಎಡವಿದಾಗ ಅದು ಅವಳನ್ನ ಬೈತದೆ. ಬೈಬಾರ್ದು. ನಾನು ಹೇಳ್ಕೊಟ್ಟಿದ್ದು ಹೇಳ್ಬೇಕು."

"ಅದಕ್ಕೊಂದು ಸಾಲಿದೆ. ಎಡವಿದ್ರೆ ಇಲ್ಲಿಗೆ ಬಾ ಅಂತ. ಏನು ಹೇಳ್ಬೇಕು, ಬರಿ."

ಗಡ್ಡ ಕೆರೆಯುತ್ತಾ, ಅಳಿಸುತ್ತಾ, ತೌನೋ ಬರೆದ. ಬರೆದದ್ದನ್ನು ಓದಿ ಕೌಕೊ ಕನ್ನಡಕ ತೆಗೆದು ಒರೆಸಿಕೊಂಡ.

ಅಲ್ಲಿಂದ ಮುಂದೆ ಏನು ಎಡವಟ್ಟಾದರೂ ಹೆಲ್ವಿ ಕಿಟಕಿಯನ್ನು ಗಟ್ಟಿಯಾಗಿ ಓದಿ, ನಕ್ಕು, ಸರಿ ಒತ್ತಿ, "ತೌನೋ!" ಎಂದು ಕೂಗುತ್ತಿದ್ದಳು. ಅವನು ಬೂಟಿನ ಹಿಮ ಕೊಡವಿಕೊಂಡು ನಿಜವಾಗಿಯೂ ಬರುತ್ತಿದ್ದ, ಕಾಫಿ ಬಗ್ಗಿಸಿಕೊಡುತ್ತಿದ್ದ. ಹೆಲ್ವಿ ವೃದ್ಧಾಶ್ರಮ ಸೇರಿದ ಮೇಲೂ ದಿನಾ ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಹೋಗುತ್ತಿದ್ದ. ಕೊನೆಕೊನೆಗೆ ಒಂದು ಚೌಕದ ದಾರಿಯನ್ನು ಅವನು ಬೇಕೆಂದೇ ತಪ್ಪಾಗಿ ಬಿಟ್ಟಿದ್ದ ಎಂದು ಕೌಕೊಗೆ ಗುಮಾನಿ. ಮದುವೆಯ ಚಿತ್ರಕ್ಕಿಂತ ಹೆಲ್ವಿಗೆ ಆ ಕಿಟಕಿಯೇ ಹೆಚ್ಚು ಇಷ್ಟವಾಗಿತ್ತು.

*

ಕೌಕೊ ಹಳೆಯ ಲ್ಯಾಪ್‌ಟಾಪನ್ನು ಕರಿ ಸೂಟಿನ ಮೇಲೆ ಮಗುವಿನಂತೆ ಅವುಚಿಕೊಂಡು ಏದುಸಿರು ಬಿಡುತ್ತಾ ಬಂದ. ವೈರು ಸಿಕ್ಕಿಸಿ ಮೇಜಿನ ಮೇಲಿಟ್ಟ. ಶೀಟು ತೆರೆದುಕೊಂಡಿತು. ಹೆಲ್ವಿ ಅದರ ಕಡೆ ನೋಡಲಿಲ್ಲ, ಅವಳ ಕಣ್ಣೆಲ್ಲ ಬಾಗಿಲ ಮೇಲೆ.

"ಈಗ ಒತ್ತಿದ್ರೆ ಬರುತ್ತೆ," ಎಂದ ಕೌಕೊ. ಮಿನ್ನಾ ಕೈ ಚಾಚಿದಳು. ಕೌಕೊ ಅವಳ ಮಣಿಕಟ್ಟು ಹಿಡಿದ. "ತಡಿ ತಾಯಿ. 'ಬೆಳಗ್ಗೆ' ಅನ್ನೋದ್ರಲ್ಲಿ ಏನಿದೆ ಗೊತ್ತಾ?"

"ಹಾಡಲ್ವಾ?"

"ಅವನ ಧ್ವನಿ." ಕೌಕೊ ದನಿ ತಗ್ಗಿಸಿದ. "'ಶುಭೋದಯ ಹೆಲ್ವಿ. ಕೋಟು ಹಾಕ್ಕೊಂಡು ಬಾ, ನಾನು ಬಾಗಿಲಲ್ಲಿ ಕಾಯ್ತಿರ್ತೀನಿ.' ಇಷ್ಟೇ ಇದೆ. ದಿನಾ ಇಲ್ಲಿಗೆ ಬಂದವನು ಇದನ್ನ ಒತ್ತಿ, ಓಡಿಹೋಗಿ ಬಾಗಿಲಲ್ಲಿ ನಿಂತ್ಕೊಳ್ತಿದ್ದ. ಆಮೇಲಿಬ್ರೂ ವಾಕಿಂಗು."

ಮಿನ್ನಾಗೆ ಕಣ್ಣು ತುಂಬಿ ಬಂತು. ಮೂರು ವಾರದಿಂದ ಅಪ್ಪನ ಧ್ವನಿ ಕೇಳಿರಲಿಲ್ಲ. ಒಂದು ಒತ್ತಿದರೆ ಸಾಕು, ಕೇಳಬಹುದಿತ್ತು.

"ಒತ್ತೇ ಮತ್ತೆ," ಎಂದಳು ಲೆಂಪಿ. "ಅವನ ಮಾತು ಕೇಳಿದ್ರೆ ಎದ್ದು ಬರ್ತಾಳೆ. ಹೊತ್ತಾಗ್ತಿದೆ."

"ಬಂದು ಬಾಗಿಲಲ್ಲಿ ನೋಡ್ತಾಳೆ ಅತ್ತೆ. ಅಲ್ಲಿ ಯಾರಿರ್ತಾರೆ?"

"ನಾನಿರ್ತೀನಿ. ಟ್ಯಾಕ್ಸಿಗೆ ಹತ್ತಿಸ್ಕೊಳ್ತೀನಿ. ಐದು ನಿಮಿಷಕ್ಕೆ ಮರೀತಾಳೆ."

"ಅಪ್ಪ ಅವಳಿಗೆ ಒಂದ್ಸಲಾನೂ ಸುಳ್ಳು ಹೇಳಿಲ್ಲ. ಕಾಯ್ತೀನಿ ಅಂದ್ರೆ ಕಾಯ್ತಿದ್ದ. ಇವತ್ತು ಅವನ ಬಾಯಲ್ಲೇ ಸುಳ್ಳು ಹೇಳಿಸ್ಲಾ? ಅದೂ ಅವನ ಹೂಳೋ ದಿನ?"

"ಹಾಗಾದ್ರೆ ಅವಳನ್ನ ಬಿಟ್ಟು ಹೋಗೋಣ. ಅಳಿಸ್ಬೇಡ. ಎಷ್ಟು ಸಲ ವಿಧವೆ ಮಾಡ್ತೀಯ ಅವಳನ್ನ?" ಲೆಂಪಿಯ ದನಿ ಒಡೆಯಿತು. ಹೂಗುಚ್ಛವನ್ನು ಹಾಸಿಗೆಯ ಮೇಲೆ ಹಾಕಿ ಕೋಣೆಯ ಕಿಟಕಿಯ ಕಡೆ ತಿರುಗಿ ನಿಂತಳು.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮಿನ್ನಾ ಹಳೆಯ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. ತನ್ನದನ್ನು ತಾಯಿಯ ಮುಂದಕ್ಕೆ ಎಳೆದು, ಹಳದಿ ಚೌಕ ಒತ್ತಿದಳು. ಬಿಳಿ ಕಿಟಕಿ ಬಂತು. ಅವಳು ನೆಲದ ಮೇಲೆ ಮೊಣಕಾಲೂರಿ ತಾಯಿಯ ಕೈ ಹಿಡಿದಳು.

"ಅಮ್ಮ, ಇದನ್ನ ಓದು."

"ಸಿಗಲಿಲ್ಲ," ಎಂದು ಹೆಲ್ವಿ ಓದಿದಳು. "ತಪ್ಪು ನಿನ್ನದಲ್ಲ, ಹೆಲ್ವಿ. ನನ್ನದು." ಮುಖ ಅರಳಿತು. "ಎಲ್ಲೋ ದಾರಿ ತಪ್ಪು ಬರೆದಿದ್ದಾನೆ, ಪೆದ್ದ. ಬಂದು ಸರಿ ಮಾಡ್ತಾನೆ."

"ಇಲ್ಲಮ್ಮ. ಈ ಸಲ ಬರಲ್ಲ. ಅಪ್ಪ ತೀರ್ಕೊಂಡ. ಎಷ್ಟು ಹುಡುಕಿದ್ರೂ ಸಿಗಲ್ಲ."

ಹೆಲ್ವಿ ಮಗಳ ಮುಖ ನೋಡಿದಳು, ಪರದೆ ನೋಡಿದಳು. ಎಲ್ಲರೂ ಅಳು ಬರುವುದನ್ನೇ ಕಾದರು. ಬರಲಿಲ್ಲ.

"ಸಿಗಲ್ವಾ?"

"ಸಿಗಲ್ಲ ಅಮ್ಮ."

"ತೌನೋಗೆ ಗೊತ್ತಾ?"

ಕೌಕೊ ಮುಂದೆ ಬಾಗಿ, "ಇಲ್ಲ ಹೆಲ್ವಿ. ಅವನಿಗೆ ಗೊತ್ತಾಗ್ಲೇ ಇಲ್ಲ. ಒಲೆ ಮುಂದೆ ಹಾಗೇ ಹೋದ," ಎಂದ.

"ಹಾಗಾದ್ರೆ ಹೋಗಿ ಹೇಳ್ಬೇಕಲ್ಲ," ಎಂದು ಹೆಲ್ವಿ ಎದ್ದು ನಿಂತಳು. ಬೆನ್ನ ಹಿಂದಿನ ತೋಳಿಗೆ ಕೈ ಹುಡುಕಾಡಿತು. ಲೆಂಪಿ ಓಡಿಬಂದು ತೋಳು ಹಿಡಿದುಕೊಟ್ಟಳು, ಕೊರಳವರೆಗೂ ಗುಂಡಿ ಹಾಕಿದಳು, ಟೋಪಿ ಸರಿಮಾಡಿದಳು. "ಕೈಚೀಲ," ಎಂದಳು ಹೆಲ್ವಿ. ಅದನ್ನೂ ಕೊಟ್ಟರು.

*

ಇಗರ್ಜಿಯಲ್ಲಿ ಹೆಚ್ಚು ಜನರಿರಲಿಲ್ಲ. ಹಿಂದಿನ ಸಾಲಿನಲ್ಲಿ ತೌನೋನ ಹಳೆಯ ಗಿರಾಕಿಗಳಾದ ಇಬ್ಬರು ಮುದುಕಿಯರು ಪಿಸುಗುಡುತ್ತಿದ್ದರು.

"ಹೊಗೆಗೂಡಿನವನು ಎದುರಿಗೆ ಬಂದ್ರೆ ಕೋಟಿನ ಗುಂಡಿ ಹಿಡ್ಕೋಬೇಕು, ಅದೃಷ್ಟ ಅಂತಿದ್ರು. ನಾನು ತೌನೋನ ಕಂಡಾಗೆಲ್ಲ ಹಿಡ್ಕೊಳ್ತಿದ್ದೆ."

"ಬಂತಾ ಅದೃಷ್ಟ?"

"ನನ್ನ ಗಂಡ ಕುಡಿಯೋದು ಬಿಟ್ಟ. ಇನ್ನೇನು ಬರ್ಬೇಕು?"

"ಈಗಲೂ ಹಿಡ್ಕೊಂಡಿದ್ದೀಯಲ್ಲೇ."

"ಸುಮ್ನಿರು, ಹೆಲ್ವಿ ಬಂದ್ಲು."

ಹಾಡಾಯಿತು, ಪಾದ್ರಿ ಪೆಟ್ಟಿಗೆಯ ಮೇಲೆ ಮೂರು ಸಲ ಮರಳು ಹಾಕಿದ್ದಾಯಿತು. ಆಮೇಲೆ ಹೂವಿಡುವ ಹೊತ್ತು. ಪೆಟ್ಟಿಗೆಯ ಬಳಿ ನಿಂತು, ಹೂವಿನ ಜೊತೆಗಿರುವ ಕಾರ್ಡನ್ನು ಎಲ್ಲರಿಗೂ ಕೇಳುವಂತೆ ಓದಿ ಹೂವಿಡುವುದು ನಮ್ಮಲ್ಲಿನ ಪದ್ಧತಿ. ಮೊದಲು ಹೆಂಡತಿ ಹೋಗಬೇಕು. ಪಾದ್ರಿ ಇತ್ತ ನೋಡಿ ತಲೆಯಾಡಿಸಿದ. ಹೆಲ್ವಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕೂತೇ ಇದ್ದಳು. ಮಿನ್ನಾ ಅತ್ತೆಗೆ ಸನ್ನೆ ಮಾಡಿದಳು. ಲೆಂಪಿ ಮುಂದೆ ಹೋಗಿ, "ಅಣ್ಣನಿಗೆ, ತಂಗಿಯ ಕೊನೆಯ ನಮಸ್ಕಾರ," ಎಂದು ಒಂದೇ ಉಸಿರಿಗೆ ಓದಿ ಓಡಿಬಂದಳು. ಕೌಕೊ, "ತರಗತಿಯ ಗೆಳೆಯರಿಂದ," ಎಂದು ಓದಿದ. ಇನ್ನೂ ಏನೋ ಇತ್ತು, ಓದಲಾಗಲಿಲ್ಲ, ಕಾರ್ಡನ್ನು ಹೂವಿನ ಸಂದಿಯಲ್ಲಿ ಸಿಕ್ಕಿಸಿ ಬಂದ.

ಆಗ ಹೆಲ್ವಿ ಎದ್ದಳು.

ಮಿನ್ನಾ ತೋಳು ಹಿಡಿದು ಜೊತೆಗೆ ನಡೆದಳು. ಹೂಗಳು ಅವಳ ಕೈಯಲ್ಲಿದ್ದವು, ಅಮ್ಮನ ಪರವಾಗಿ ಓದಬೇಕಾದ ಕಾರ್ಡೂ. ಹಾಡಿನ ಪುಸ್ತಕದಿಂದ ಆರಿಸಿದ ಎರಡು ಸಾಲು ಅದರಲ್ಲಿತ್ತು. ಅವಳು ಓದಲು ಬಾಯಿ ತೆರೆಯುವಷ್ಟರಲ್ಲಿ ಹೆಲ್ವಿ ಕಾರ್ಡನ್ನು ತೆಗೆದುಕೊಂಡು ನೋಡಿದಳು. ಇದು ತನ್ನದಲ್ಲ ಎಂಬಂತೆ ಮಗಳಿಗೆ ಹಿಂತಿರುಗಿಸಿದಳು. ಬೆನ್ನು ನೆಟ್ಟಗೆ ಮಾಡಿ ಪೆಟ್ಟಿಗೆಯ ಕಡೆ ತಿರುಗಿದಳು.

"ಸಿಗಲಿಲ್ಲ," ಎಂದಳು. ಅಂಗಡಿಯಲ್ಲಿ ದಿನದ ಮೊತ್ತ ಓದಿ ಹೇಳುತ್ತಿದ್ದ ದನಿ. ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು. "ತಪ್ಪು ನಿನ್ನದಲ್ಲ, ತೌನೋ. ನನ್ನದು."

ಮುಂದೆ ಏನೋ ನೆನಪಾಗದೆ ತಡವರಿಸಿದಳು. ಮಿನ್ನಾ ಹೇಳಿಕೊಡಲೆಂದು ಬಾಗಿದಳು. ಹೇಳಿಕೊಡುವ ಅಗತ್ಯ ಬರಲಿಲ್ಲ.

"ಕಾಫಿ ಕುಡಿ," ಎಂದಳು ಹೆಲ್ವಿ. "ನಾನು ಈಗ ಬರ್ತೀನಿ."

ಆಮೇಲೆ ಬಿಳಿ ಮುಚ್ಚಳದ ಮೇಲೆ ಅಂಗೈ ಇಟ್ಟು, ತೋರುಬೆರಳಿನಿಂದ ಒಮ್ಮೆ ಒತ್ತಿ, ಕಾದು ನಿಂತಳು.